ರವಿವಾರದ ಪೇಶಿ

ನನ್ನ ಮೇಲೆ ಜತ್ತ ಕೋರ್ಟಿನಲ್ಲಿ ಕೇಸಿದೆ ಎಂದು ನಮ್ಮ ಗಡಿಯೂರು ವಳಸಂಗದ ಎಲ್ಲರೂ ನಂಬಿದ್ದರು. ಬಯೋಟೆಕ್ನಾಲಜಿ ಓದಿ ಊರಲ್ಲೇ ಉಳಿದವಳಿಗೆ ಇಂಥವು ಆಗುತ್ತಲೇ ಇರುತ್ತವೆ. ಆಶ್ಚರ್ಯಪಡುವುದನ್ನು ನಾನು ಬಿಟ್ಟಿದ್ದೇನೆ.

ಕಿಟಕಿ ಸೀಟು

ಜತ್ತದ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸ. ಮನುಷ್ಯರ ಜೀವಕೋಶಗಳನ್ನು ಬಾಟಲಿಗಳಲ್ಲಿ ಬೆಳೆಸುತ್ತೇವೆ. ಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲಿ ಹೊತ್ತು ತಿರುಗುವ ಒಂದು ಪ್ರೋಟೀನನ್ನು ಅವು ತಯಾರಿಸುತ್ತವೆ. ಅದನ್ನು ಶುದ್ಧ ಮಾಡಿ ಸಂಶೋಧನೆ ನಡೆಸುವವರಿಗೆ ಕಳಿಸುತ್ತೇವೆ. ಜೀವಕೋಶಕ್ಕೆ ಮರಾಠಿಯಲ್ಲಿ ಪೇಶಿ ಅನ್ನುತ್ತಾರೆ. ಲ್ಯಾಬಿನಲ್ಲಿ ಎಲ್ಲರೂ ಮರಾಠಿಯವರು, ನನ್ನ ನಾಲಿಗೆಗೂ ಅದೇ ಹತ್ತಿತು. ಹೊತ್ತಿಗೆ ಸರಿಯಾಗಿ ಆಹಾರ ಹಾಕದಿದ್ದರೆ ಪೇಶಿ ಸಾಯುತ್ತವೆ. ಅವಕ್ಕೆ ಸೂಟಿ, ರಜೆ ಯಾವುದೂ ಗೊತ್ತಿಲ್ಲ. ರವಿವಾರದ ಪಾಳಿ ನನ್ನದು.

ಒಂದು ರವಿವಾರ ಬಸ್ಸಿನಲ್ಲಿ ನೆರೆಮನೆಯ ಕಾಕಾ, ಇವತ್ತೂ ಎಲ್ಲಿಗೆ ಹೊರಟಿ ಎಂದು ಕೇಳಿದರು.

“ಪೇಶಿ ಅದಾವ್ರಿ ಕಾಕಾ. ಹೋಗಲೇಬೇಕು.”

ಕಾಕಾನ ಹೊಲದ ಬದುವಿನ ಕೇಸು ಕೋರ್ಟಿನಲ್ಲಿರುವುದು ನಾನು ಹುಟ್ಟುವ ಮೊದಲಿನಿಂದ. ಅವರ ಮಟ್ಟಿಗೆ ಪೇಶಿ ಎಂದರೆ ಜಡ್ಜಿನ ಮುಂದೆ ನಿಲ್ಲುವುದು, ಅಷ್ಟೆ. ದನಿ ತಗ್ಗಿಸಿ, ಎಷ್ಟು ಎಂದರು.

“ಲೆಕ್ಕಾನೇ ಇಲ್ರಿ. ದಿನಾ ಡಬಲ್ ಆಗ್ತಾವ.”

ಕಾಕಾ ಎದ್ದು ಕಿಟಕಿ ಸೀಟು ಬಿಟ್ಟುಕೊಟ್ಟರು.

ಊರು ಏನು ತಿಳಿದುಕೊಂಡಿದೆ ಎಂಬುದು ವಾರದೊಳಗೆ ನನ್ನ ಕಿವಿಗೂ ಬಿತ್ತು. ತಿದ್ದಲಿಲ್ಲ. ಸೀಟು ದಿನಾ ಸಿಗುತ್ತಿತ್ತು.

ಫೋನು

ಒಮ್ಮೆ ಬಸ್ಸಿನಲ್ಲಿದ್ದಾಗಲೇ ಲ್ಯಾಬಿನಿಂದ ಫೋನು ಬಂತು, ಅರ್ಧ ಪೇಶಿ ಸತ್ತಿವೆ ಎಂದು. ನಾನು ಗಟ್ಟಿಯಾಗಿ ಹೇಳಿದೆ: ಸತ್ತವು ಹೋಗಲಿ, ಉಳಿದವನ್ನು ನಾನು ಬರುವವರೆಗೆ ಜೀವಂತ ಇಡಿ. ಸತ್ತವನ್ನು ಬ್ಲೀಚಿನಲ್ಲಿ ಮುಳುಗಿಸಿ ಚೆಲ್ಲಿ. ಮನುಷ್ಯರವು ಅವು, ಕೈಗವಸು ಇಲ್ಲದೆ ಏನನ್ನೂ ಮುಟ್ಟಬೇಡಿ. ಹೇಳಿದ್ದು ಮರಾಠಿಯಲ್ಲಿ. ಆದರೆ ಆ ಬಸ್ಸಿನಲ್ಲಿ ಮರಾಠಿ ಬಾರದವರು ಯಾರೂ ಇರಲಿಲ್ಲ.

ಕಂಡಕ್ಟರ್ ನನ್ನ ಟಿಕೆಟ್ ಕೇಳದೆ ಮುಂದೆ ಹೋದ.

ಅವ್ವನ ಸಮರ್ಥನೆ

ಅವ್ವನಿಗೆ ಇದನ್ನು ಸಹಿಸಲಾಗಲಿಲ್ಲ. ನಿಜ ಏನು, ತಿಳಿಸಿ ಹೇಳು ಅಂದಳು. ಹಾರ್ಮೋನು ರಕ್ತದಲ್ಲಿ ಒಂಟಿಯಾಗಿ ಓಡಾಡುವುದು ಕಡಿಮೆ, ನಾವು ಮಾಡುವ ಪ್ರೋಟೀನು ಅದನ್ನು ಹೊತ್ತು ಬೇಕಾದಲ್ಲಿ ಇಳಿಸುತ್ತದೆ ಎಂದು ವಿವರಿಸಿದೆ. ಅವ್ವ ಮನಸ್ಸಿಟ್ಟು ಕೇಳಿದಳು. ಸಂಜೆ ಕಟ್ಟೆಯ ಮೇಲೆ ಕೂತ ಹೆಂಗಸರಿಗೆಲ್ಲ ಸ್ಪಷ್ಟವಾಗಿ ಹೇಳಿದಳು:

“ನನ್ನ ಮಗಳ ಮ್ಯಾಲೆ ಯಾ ಕೇಸೂ ಇಲ್ರೆವ್ವಾ. ಆಕಿ ಬರೇ ಮಾಲು ಸಾಗಸೂ ಕೆಲಸದಾಗ ಅದಾಳ.”

ಯಾವ ಮಾಲು ಎಂದು ಯಾರೋ ಕೇಳಿದರಂತೆ. ಅದು ಕಣ್ಣಿಗೆ ಕಾಣುವುದಿಲ್ಲ ಅಂದಳಂತೆ.

ವರನ ಕಡೆಯವರು

ಆಮೇಲೆ ಕಾಕಾ ನನಗೊಂದು ಸಂಬಂಧ ತಂದರು. ಹುಡುಗನ ತಂದೆ ಮುಚ್ಚಂಡಿ ಊರಿನವರು, ಕಾಕಾನ ಬದುವಿನ ಕೇಸಿನ ಎದುರುಪಾರ್ಟಿ. ಕೋರ್ಟಿನ ಹೊರಗಿನ ಒಂದೇ ಬೆಂಚಿನ ಮೇಲೆ ಇಷ್ಟು ವರ್ಷ ಕೂತು ಕೂತು ಇಬ್ಬರೂ ಎಲೆಯಡಿಕೆ ಹಂಚಿಕೊಳ್ಳುವಷ್ಟು ಗೆಳೆಯರಾಗಿದ್ದರು. ಹುಡುಗ ಮರಾಠಿ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಬಸ್ಸಿನಲ್ಲಿ ನಿಂತೇ ಓದುತ್ತ ತನ್ನ ಸ್ಟಾಪು ತಪ್ಪಿಸಿಕೊಳ್ಳುವುದನ್ನು ನಾನು ಎರಡು ಸಲ ನೋಡಿದ್ದೆ. ನನಗೆ ಯಾರೂ ಸುಲಭಕ್ಕೆ ಹಿಡಿಸುವುದಿಲ್ಲ. ಇವನು ಹಿಡಿಸಿದ್ದ. ಕಿಟಕಿ ಸೀಟಿನ ಆಸೆಗೆ ಇವನನ್ನು ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಅವರು ಬಂದು ಕೂತು ಉಪ್ಪಿಟ್ಟು ಮುಗಿಸುವ ಮೊದಲೇ ನಾನು ಹೇಳಿಬಿಟ್ಟೆ. ನನ್ನ ಮೇಲೆ ಕೇಸಿಲ್ಲ, ಪೇಶಿ ಎಂದರೆ ಜೀವಕೋಶ. ಮೊಬೈಲಿನಲ್ಲಿ ಬಾಟಲಿಗಳ ಫೋಟೋ ತೋರಿಸಿದೆ. ಹುಡುಗನ ತಂದೆ ಬಹಳ ಹೊತ್ತು ನೋಡಿ ಕಾಕಾನ ಕಡೆ ತಿರುಗಿದರು.

“ವಕೀಲನ್ನ ಭಾಳ ಚಲೋ ಹಿಡದಾಳ.”

“ನಾ ಹೇಳಿದ್ದಿಲ್ಲೇನು? ಎಲ್ಲೂ ಸಿಕ್ಕೊಳ್ಳಂಗಿಲ್ಲ ಹುಡುಗಿ,” ಅಂದರು ಕಾಕಾ.

ವಿಷಯ ಆಗ ತಿಳಿಯಿತು. ಹುಡುಗನ ತಂದೆಯ ಮೊಣಕಾಲು ಸೋತಿದ್ದವು. ಮಗ ಹೆಡ್‌ಮಾಸ್ತರರ ಮುಂದೆಯೇ ತೊದಲುವವನು. ಇನ್ನು ಮೇಲೆ ಕೋರ್ಟಿನಲ್ಲಿ ನಿಲ್ಲಲು ಅವರಿಗೆ ಅನುಭವವಿದ್ದ ಸೊಸೆ ಬೇಕಿತ್ತು. ನಾನು ಇಲ್ಲ ಇಲ್ಲ ಅಂದಷ್ಟೂ ಅವರಿಗೆ ಮೆಚ್ಚುಗೆ ಹೆಚ್ಚಾಯಿತು.

ಹುಡುಗ ಕೈ ತೊಳೆಯಲು ಹಿತ್ತಲಿಗೆ ಬಂದಾಗ ನೀರು ಕೊಡುವ ನೆವದಲ್ಲಿ ಕೇಳಿದೆ, ವಿಜ್ಞಾನದ ಮಾಸ್ತರಿಗೂ ಪೇಶಿ ಗೊತ್ತಿಲ್ಲವೇ ಎಂದು.

“ಏಳನೇ ಕ್ಲಾಸಿಗೆ ನಾನೇ ಕಲಸ್ತೀನ್ರಿ.”

“ಮತ್ತ ನಿಮ್ಮಪ್ಪಾರಿಗೆ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಅವ್ರು ಬರ್ತಿದ್ದಿಲ್ಲ.” ಒಂದಕ್ಷರ ತೊದಲಲಿಲ್ಲ.

ಎಲ್ಲರ ಬಾಯಿಗೂ ಸಕ್ಕರೆ ಬಿತ್ತು, ಸಂಬಂಧ ಗಟ್ಟಿಯಾಯಿತು. ಮುಂದಿನ ತಾರೀಖಿಗೆ ನನ್ನನ್ನೂ ಸೇರಿಸಿ ಮೂವರೂ ಒಂದೇ ಬಸ್ಸಿಗೆ ಹೋಗೋಣ ಎಂದು ಇಬ್ಬರು ಮುದುಕರೂ ನಿಶ್ಚಯಿಸಿದರು. ಖಾಲಿ ಕಪ್ಪುಗಳನ್ನು ಎತ್ತುತ್ತಿದ್ದ ಅವ್ವ ನಡುವೆ ನಿಂತಳು.

“ಅಲ್ರೀ, ಈಕಿ ರವಿವಾರನೂ ಪೇಶಿಗಂತ ಹೋಗ್ತಾಳಲ್ಲ, ರವಿವಾರ ಕೋರ್ಟಿಗೆ ಸೂಟಿ ಇರತೈತಿ.”