ಕರಿತುಂಬೆಗೊಂದು ಕೊಡೆ

ತನ್ನ ಗಿಡಕ್ಕೆ ನಾಲ್ಕು ಹನಿ ನೀರು ಸಿಡಿಯಿತೆಂಬ ಕಾರಣಕ್ಕೆ ನಮ್ಮ ಸೋದರತ್ತೆ ಪಕ್ಕದ ಮನೆಯ ನೀಲಮ್ಮನ ನೀರಿನ ಪೈಪನ್ನು ಈಳಿಗೆಯಿಂದ ಕತ್ತರಿಸಿದಳು. ಹಾಗೆಂದು ನನ್ನ ನೆನಪು. ಅದು ಈಳಿಗೆಯಲ್ಲ, ಕುಡುಗೋಲು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಪೈಪು ತುಂಡಾಗಲೇ ಇಲ್ಲ, ಅತ್ತೆಯ ಬೈಗುಳಕ್ಕೆ ಹೆದರಿ ಅದರೊಳಗಿನ ನೀರು ತಾನಾಗಿಯೇ ನಿಂತಿತು ಎಂದು ಓಣಿಯವರು ಹೇಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿ, ಕಣ್ಣಾರೆ ಕಂಡದ್ದನ್ನೂ ಮೂರು ಸಲ ನೋಡಬೇಕೆಂದು ಕಲಿತು ಬಂದವನು ನಾನು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಇಷ್ಟು ನಿಜ: ತುಂಗಭದ್ರೆಯ ಕಾಲುವೆ ಹರಿಯುವ ಹೊಸಪೇಟೆಯಲ್ಲಿ, ಗಿಡಕ್ಕೆ ನೀರು ಹಾಕಬೇಡಿ ಎಂದು ಜಗಳಕ್ಕೆ ನಿಲ್ಲುವ ತೋಟಗಾರ್ತಿ ನಮ್ಮ ಅತ್ತೆಯೊಬ್ಬಳೇ!

ಯಾವ ಗಿಡ ಅಂತೀರಿ? ಗುಲಾಬಿಯೇ? ಮಲ್ಲಿಗೆಯೇ? ಅಲ್ಲ ಸ್ವಾಮಿ, ಕರಿತುಂಬೆ. ಸಂಡೂರಿನ ಗುಡ್ಡಗಳ ಕಲ್ಲುಸಂದಿಯಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಪೊದೆ. ಬೂದುಬಣ್ಣದ ಮೆತ್ತನೆಯ ಎಲೆ, ತಿಳಿನೇರಳೆ ಹೂವು. ಎಲೆ ತಿಕ್ಕಿದರೆ ಕರ್ಪೂರದಂಥ ಘಾಟು. ಏನನ್ನೂ ಬಿಡದ ಆಡು ಕೂಡ ಇದನ್ನು ಮೂಸಿ, ಕ್ಷಮೆ ಕೇಳಿ ಮುಂದೆ ಹೋಗುತ್ತದೆ.

ಅತ್ತೆಯ ತವರು, ಅಂದರೆ ನಮ್ಮ ಮನೆ, ಸಂಡೂರು. ಅಲ್ಲೊಂದು ಮದುವೆಗೆ ಬಂದವಳು, ದಾರಿಗೆಂದು ಕಟ್ಟಿಕೊಟ್ಟ ಲಾಡುಗಳನ್ನು ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕವರಿಗೆಲ್ಲ ಹಂಚಿ, ಖಾಲಿಯಾದ ಡಬ್ಬಿಯಲ್ಲಿ ಒಂದು ಸಸಿ ನೆಟ್ಟುಕೊಂಡು ಬಸ್ಸು ಹತ್ತಿದಳು.

"ಏನಮ್ಮಾ, ಕಸ ತುಂಬ್ಕೊಂಡು ಬಂದೀರಲ್ಲ?" ಅಂದ ಕಂಡಕ್ಟರ್.

"ಕಸ ನಿನ್ನ ಬಸ್ಸಿನಾಗ ಐತಿ, ಸೀಟಿನ ಕೆಳಗ ನೋಡು. ಇದು ಕರಿತುಂಬಿ!"

ಹೊಸಪೇಟೆಯವರೆಗೆ ಅವನು ಆ ಕಡೆ ತಲೆ ಹಾಕಲಿಲ್ಲ.

ಕೆಲಸಕ್ಕೆಂದು ಹೊಸಪೇಟೆಯಲ್ಲೇ ನೆಲೆಸಿದ್ದ ನಾನು, ಅತ್ತೆಯ ಮನೆಗೆ ಬಂದ ಗಿಡವನ್ನು ನೋಡಿ ನನ್ನ ವಿದ್ಯೆ ತೋರಿಸಿದೆ. "ಅತ್ತಿ, ಇದು ತುಳಸಿ ಕುಟುಂಬದ್ದು. ಪರದೇಶದಾಗ ಇದರ ಬಳಗದ ಸೇಜ್ ಅನ್ನೋ ಸೊಪ್ಪನ್ನ ಅಡಿಗಿಗೆ ಹಾಕ್ತಾರ."

"ಹೌದಾ? ಅಷ್ಟು ದೊಡ್ಡ ಬಳಗ ಇದ್ದು ಒಬ್ರರ ಬಂದು ನೋಡ್ಯಾರೇನು ಇದನ್ನ?"



ಅಂಗಳದ ಮೂಲೆಯಲ್ಲಿ ಗರಸು ಮಣ್ಣು, ಒಡೆದ ಹೆಂಚು, ಬೆಣಚುಕಲ್ಲು ಸೇರಿಸಿ ಅತ್ತೆ ಒಂದು ದಿಬ್ಬ ಮಾಡಿದಳು. ಮನೆ ಕಟ್ಟಿಸಿ ಉಳಿದ ಕಲ್ಲುಮಣ್ಣಿನ ಕಸವೆಂದು ತಿಳಿದು, ಎತ್ತಿ ಒಯ್ಯಲು ಎಷ್ಟು ಕೊಡುತ್ತೀರೆಂದು ಟ್ರ್ಯಾಕ್ಟರಿನವನೊಬ್ಬ ಬಂದು ವಿಚಾರಿಸಿದ್ದೂ ಉಂಟು. ಆ ದಿಬ್ಬದ ನೆತ್ತಿಯ ಮೇಲೆ ಕರಿತುಂಬೆಯ ಪಟ್ಟಾಭಿಷೇಕವಾಯಿತು. ಬೇರು ಹಿಡಿಯುವವರೆಗೆ ಮೂರು ದಿನಕ್ಕೊಂದು ಲೋಟ ನೀರು. ಆಮೇಲೆ ಅದೂ ಬಂದ್! ದಿನಾ ಬೆಳಿಗ್ಗೆ ಕುಡಿಗಳ ತುದಿಯನ್ನು ಉಗುರಿನಿಂದ ಚಿವುಟುತ್ತಿದ್ದಳು. ವರ್ಷ ತುಂಬುವುದರಲ್ಲಿ ಗಿಡ ಬೋರಲು ಹಾಕಿದ ಬುಟ್ಟಿಯಂತೆ ದುಂಡಗಾಯಿತು.

"ತುದಿ ಚಿವುಟಿದ್ರ ಮೈ ತುಂಬ್ಕೊಂತೈತಿ ನೋಡು. ನಿನ್ನ ಚಿವುಟೋರು ಯಾರೂ ಇರ್ಲಿಲ್ಲ, ಅದಕ್ಕ ಬರೇ ಉದ್ದಕ ಬೆಳೆದಿ."

ಇನ್ನು ಮಳೆಗಾಲದ ಕಥೆ. ಡ್ಯಾಮು ತುಂಬಿ ಗೇಟು ತೆಗೆದರೆ ಇಡೀ ಊರು ಆಟೋ ಹಿಡಿದು ನೋಡಲು ಓಡುತ್ತದೆ. ನಮ್ಮ ಅತ್ತೆ ಮಾತ್ರ ಮುಗಿಲಿಗೆ ಬೈಯುತ್ತ, ಮನೆಯಲ್ಲಿದ್ದ ಒಂದೇ ಕೊಡೆಯನ್ನು ಗಿಡಕ್ಕೆ ಕಟ್ಟಿ, ತಾನು ತಲೆಯ ಮೇಲೆ ಸೆರಗು ಹೊದ್ದು ನೆನೆಯುತ್ತ ಸಂತೆಗೆ ಹೋಗುತ್ತಿದ್ದಳು.

"ಗುಡ್ಡದಾಗ ಕೊಡಿ ಯಾರು ಹಿಡೀತಾರ ಅತ್ತಿ?" ಎಂದು ಕೆಣಕಿದೆ.

"ಅಲ್ಲಿ ನೀರು ಇಳಕಲಿಗೆ ಹರಿದು ಹೋಗ್ತೈತಿ. ಇಲ್ಲಿ ಮ್ಯಾಲಿನ ನೀರಿನ ಜೋಡಿ ನೀಲಮ್ಮನ ನೀರೂ ಬರ್ತೈತಲ್ಲ!"

ನೀಲಮ್ಮ ಕೆಟ್ಟವಳಲ್ಲ. ಗಿಡಕ್ಕೆ ನೀರೆರೆದರೆ ಪುಣ್ಯ ಎಂದು ನಂಬಿದ ಹೆಂಗಸು. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಯಾವುದಾದರೂ ಬೇರಿಗೆ ಮುಟ್ಟಿಸುವವಳು. ಬಾಯಾರಿದ ಗಿಡವನ್ನು ಕಂಡರೆ ಅವಳ ಗಂಟಲೇ ಒಣಗುತ್ತಿತ್ತು. ಒಂದು ಬೇಸಿಗೆಯ ಆರಂಭದಲ್ಲಿ ಗೋಡೆಯ ಮೇಲಿಂದ ಕತ್ತು ಚಾಚಿ ಅಂದಳು, "ಅಕ್ಕಾ, ನೀರಿಲ್ದ ಈ ಬ್ಯಾಸಿಗಿ ದಾಟಂಗಿಲ್ಲ ನಿಮ್ಮ ಗಿಡ."

"ದಾಟಿದ್ರ?"

"ದಾಟಿದ್ರ ಈ ಗೋಡಿ ಕಡೆ ನಾ ಪೈಪ್ ತರಂಗೇ ಇಲ್ರಿ."

"ನೀರಿಲ್ದ ಸತ್ತಿತಂದ್ರ, ನಿನ್ನ ಗಿಡಕ್ಕೆಲ್ಲ ಒಂದು ತಿಂಗಳು ನಾನ ನೀರು ಹೊರ್ತೀನಿ. ಹೋಗು!"

ಓಣಿಗೆ ಓಣಿಯೇ ಕೇಳಿಸಿಕೊಂಡಿತು.

ಅದೇ ಬೇಸಿಗೆಯಲ್ಲಿ ಅತ್ತೆ ಕಂಪ್ಲಿಯಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಳು. ಬೀಗದ ಕೈ ನನ್ನ ಕೈಗಿಟ್ಟು, "ನೀರು ಒಂದು ಬಿಟ್ಟು ಏನರ ಮಾಡು. ಬೇಕಾದ್ರ ಹಾಡು ಹಾಡು" ಎಂದಳು. ನಾನು ಆಗಲೇ ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಹೊಸಪೇಟೆಯ ಬಿಸಿಲಿಗೆ ಎಲೆಗಳು ಮಧ್ಯಾಹ್ನ ಜೋತು ಬಿದ್ದದ್ದನ್ನು ಕಂಡೆ. ಎಲೆ ಜೋತರೆ ಏನರ್ಥ? ನೀರು ಸಾಲದು! ಸಂಜೆ ಒಂದು ಬಕೆಟ್ ಹಾಕಿದೆ. ಮರುದಿನವೂ ಹಾಕಿದೆ. ಎಲೆ ಹಳದಿಯಾಯಿತು, ಎರಡು ಬಕೆಟ್ ಮಾಡಿದೆ. ಮೇಲೊಂದು ಪುಟ್ಟಿ ಸಗಣಿ ಗೊಬ್ಬರ. ಬೇರು ಕೊಳೆತಾಗಲೂ ಎಲೆ ಹಾಗೆಯೇ ಜೋಲುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಆದರೆ ತರಗತಿಯಲ್ಲಿ ಹೇಳಿದ್ದನ್ನೆಲ್ಲ ಮನೆಯಲ್ಲಿ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅತ್ತೆ ತಿರುಗಿ ಬಂದಾಗ ಗಿಡ ಬುಡದಲ್ಲಿ ಕಪ್ಪಾಗಿ, ಕಡ್ಡಿಯಾಗಿತ್ತು. ಹಿಡಿದೆಳೆದಳು, ಸಲೀಸಾಗಿ ಬಂತು. ಬೇರನ್ನು ಮೂಸಿದಳು. ನನ್ನ ಮುಖ ನೋಡಿದಳು.

"ಬಿಸಿಲು ಭಾಳ ಇತ್ತತ್ತಿ" ಅಂದೆ.

"ಹೌದು. ಬಿಸಿಲು" ಅಂದಳು.

ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಒಪ್ಪದ ಅತ್ತೆ ಅಂದು ಒಪ್ಪಿಬಿಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು!

ಮರುದಿನದಿಂದ ಅವಳು ಕೊಡ ಎತ್ತಿದಳು. ನೀಲಮ್ಮ, "ಅಕ್ಕಾ, ಬ್ಯಾಡ್ರೀ, ನಗಚಾಟಿಕಿಗೆ ಅಂದಿದ್ದೆ" ಎಂದು ಕೈ ಹಿಡಿದರೂ ಬಿಡಲಿಲ್ಲ. ಎಂಟು ಗುಲಾಬಿ, ಎರಡು ದಾಸವಾಳ, ಒಂದು ನುಗ್ಗೆ. ತಿಂಗಳ ತನಕ, ಓಣಿಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿರುವಾಗ, ತಲೆ ಎತ್ತಿಕೊಂಡೇ ಹೊತ್ತಳು. ನಾನು ಆ ತಿಂಗಳು ಬೇರೆ ದಾರಿಯಿಂದ ಕಾಲೇಜಿಗೆ ಹೋದೆ.

ಮೊದಲ ಮಳೆಗೆ ದಿಬ್ಬದ ತುಂಬ ಬೂದು ಸಸಿಗಳು ಎದ್ದವು. ಹಳೆಯ ಗಿಡ ಬೀಜ ಉದುರಿಸಿಯೇ ಹೋಗಿತ್ತು. ಈಗ ಅಂಗಳದಲ್ಲಿ ದುಂಡನೆಯ ಮೂರು ಪೊದೆಗಳಿವೆ. ಹೂವಿಗೆ ದುಂಬಿಗಳ ಸಂತೆ. ಮಳೆಗಾಲದಲ್ಲಿ ಮೂರು ಕೊಡೆ. ನಮ್ಮ ಕಾಲೇಜಿನ ಹುಡುಗಿಯರನ್ನು ಕರೆದೊಯ್ದು ನಾನೇ ತೋರಿಸುತ್ತೇನೆ. ಪಾಠವನ್ನು ಮಾತ್ರ ಅತ್ತೆಯೇ ಮಾಡುತ್ತಾಳೆ. ಅಲ್ಲಿ ನಿಂತಾಗ ನನ್ನ ಎದೆಯೂ ಸ್ವಲ್ಪ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ?

ಕಳೆದ ತಿಂಗಳು ನೀಲಮ್ಮನನ್ನು ಕೇಳಿದೆ: ಕೊಡ ಎತ್ತಿದ ಆ ದಿನ ಅತ್ತೆ ನಿಮಗೆ ಏನು ಹೇಳಿದಳು?

"'ನೀನ ಗೆದ್ದಿ ನೀಲಮ್ಮ, ನೀರಿಲ್ದ ಸತ್ತಿತು' ಅಂದ್ರು. 'ನಮ್ಮಾಂವ ಬಡ್ಕೊಂಡ, ನೀರು ಹಾಕು ಅತ್ತಿ ಅಂತ. ನಾನ ಕೇಳ್ಲಿಲ್ಲ' ಅಂದ್ರು. ಎಷ್ಟರ ಆಗ್ಲಿ ನೀವು ಓದಿದೋರು ನೋಡ್ರಿ."

ನಿಜ ಹೇಳಿದ್ದರೆ ಅವಳು ಒಂದು ಕೊಡವನ್ನೂ ಹೊರಬೇಕಿರಲಿಲ್ಲ. ಗಿಡ ಸತ್ತದ್ದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ; ಪಂದ್ಯ ಅವಳು ಸೋತಿರಲೇ ಇಲ್ಲ.

ಆದರೆ ನಾನು ಅನುಮಾನದ ಮನುಷ್ಯ. ಬಿಸಿಲು ಎಂಬ ನನ್ನ ಸುಳ್ಳನ್ನು ಅವಳು ನಂಬಿಯೇ ಹಾಗೆ ಹೇಳಿರಬಹುದಲ್ಲ? ಮೊನ್ನೆ ಕಂಪ್ಲಿಗೆ ಹೋದಾಗ ಅತ್ತೆಯ ಮಗಳನ್ನು ಬೇರೆಯಾಗಿ ವಿಚಾರಿಸಿದೆ. ಅವಳಿಗೆ ಚೆನ್ನಾಗಿ ನೆನಪಿತ್ತು. ಮನೆ ಮುಟ್ಟಿದ ದಿನವೇ ಅತ್ತೆ ಫೋನು ಮಾಡಿದ್ದಳು: "ಬೇರು ಕೊಳೆತಾವ. ನಮ್ಮಾಂವ ನೀರು ಹಾಕ್ಯಾನ. ಯಾರ ಮುಂದೂ ಅನ್ನಬ್ಯಾಡ, ಕಾಲೇಜಿನಾಗ ಗಿಡದ ಪಾಠ ಹೇಳೋನು ಅದಾನ."