ಫ್ರಿಜ್ಜಿನಲ್ಲಿದ್ದ ಎರೆಭೂತದ ಗರಿ

ಚಿಂತೆ ಮಾಡಲು ನನಗೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಹಾಲು ಉಕ್ಕದಿದ್ದರೆ ಯಾಕೆ ಉಕ್ಕಲಿಲ್ಲವೆಂದು ಒಲೆಯ ಮುಂದೆ ನಿಲ್ಲುವವಳು ನಾನು. ಅಂಥವಳ ಸಿಂದಗಿಯ ಮನೆಗೆ ಅಣ್ಣನ ಮಗಳು ಸುಧಾ ಒಂದು ಗರಿ ತಂದು ಫ್ರಿಜ್ಜಿನಲ್ಲಿಟ್ಟಳು. ಎರೆಭೂತದ ಗರಿ. ನಾನು ಸಣ್ಣವಳಿದ್ದಾಗ ಎರೆ ಹೊಲಗಳಲ್ಲಿ ಗೌಡರ ಗತ್ತಿನಿಂದ ಅಡ್ಡಾಡುತ್ತಿದ್ದ ಆ ದೊಡ್ಡ ಹಕ್ಕಿ ಈಗ ಹುಡುಕಿದರೂ ಸಿಗುವುದಿಲ್ಲ. ಸುಧಾ ಅದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು.

ಕರೆಂಟು ಹೋದಾಗಲೆಲ್ಲ ನನ್ನ ಜೀವವೂ ಹೋಗಿ ಬರುತ್ತಿತ್ತು. "ಅತ್ತಿ, ಒಣಗಿದ ಗರಿ ಅದು, ಏನೂ ಆಗಂಗಿಲ್ರಿ. ಬುಡಕ್ಕಷ್ಟ ಕೈ ಹಚ್ಚಬ್ಯಾಡ್ರಿ," ಎಂದಳು. ನಿಜ ಹೇಳಬೇಕೆಂದರೆ ನನ್ನ ಚಿಂತೆ ಗರಿಯದಲ್ಲ. ಮಗ ರಮೇಶನಿಗೆ ಸುಧಾಳನ್ನೇ ತಂದುಕೊಳ್ಳಬೇಕೆಂಬ ಆಸೆ ನನ್ನದು. ಅಣ್ಣನ ಮಗಳನ್ನು ಕೇಳುವುದು ನಮ್ಮಲ್ಲಿ ತಂಗಿಯ ಹಕ್ಕು. ನಾನಂತೂ ಸೋದರಮಾವನನ್ನೇ ಮದುವೆಯಾದವಳು.

ಶೇಂಗಾ ಹೋಳಿಗೆ ಬಡಿಸಿ, ಮಾತು ತೆಗೆಯುವ ಧೈರ್ಯ ಸಾಲದೆ, "ಆ ಗರಿಯೊಳಗ ಏನ್ ನೋಡ್ತೀಯವ್ವಾ?" ಎಂದೆ.

"ರಕ್ತಸಂಬಂಧದ ಗುರುತು ಅತ್ತಿ. ನಮ್ಮ ಕೂದಲ ಬುಡದಾಗ ಇದ್ದಂಗ ಗರಿ ಬುಡದಾಗೂ ಇರ್ತಾವು. ಯಾವ ಹಕ್ಕಿ ಯಾವುದರ ಬಳಗ ಅಂತ ಹೇಳೂವಂಥ ಗುರುತು ಹುಡುಕಾಕತ್ತೇನಿ."

"ಬಳಗ ತಿಳಕೊಂಡು ಏನ್ ಮಾಡ್ತಿ?"

"ಉಳದಾವೇ ನಾಕು. ತಮ್ಮತಮ್ಮೊಳಗ ಜೋಡಿ ಆಗ್ಯಾಗಿ ಸಂತಾನ ಸೊರಗಬಾರದಲ್ರಿ."

ನಮ್ಮವರು ಹೋಳಿಗೆಯಿಂದ ತಲೆ ಎತ್ತದೆ, "ನಮ್ಮನ್ನ ಕೇಳಿದ್ರ ಗರೀನ ಬೇಕಾಗಿರಲಿಲ್ಲ," ಎಂದರು.

ಸುಧಾ ನಕ್ಕಳು. ಆಮೇಲೆ ಮೆಲ್ಲಗೆ, "ನೀವು ಏನ್ ಕೇಳಬೇಕಂತೀರಿ ಗೊತ್ತೈತಿ ಅತ್ತಿ. ಅದೊಂದು ಬ್ಯಾಡ್ರಿ," ಎಂದಳು. ತುಪ್ಪದ ಚಮಚ ನನ್ನ ಕೈಯಲ್ಲೇ ಉಳಿಯಿತು.

ನನಗೂ ಹಟ ಬಂತು. ಬಳಗದ ಗಾಳಿಯೂ ತಾಗದ ಸೊಸೆಯನ್ನೇ ತರುತ್ತೇನೆಂದು ಹುಡುಕುತ್ತಾ ಇಂಡಿ ದಾಟಿ ಚಡಚಣದವರೆಗೆ ಹೋದೆವು. ಮುಖ ಪರಿಚಯವಿಲ್ಲದ ಮನೆ, ಲಕ್ಷಣವಾದ ಹುಡುಗಿ. ರಮೇಶ ಎಂದೂ ಇಲ್ಲದವನು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡ. ನಾನು ನಿರಾಳವಾಗಿ ಚಹಾದ ಬಸಿ ಎತ್ತಿದೆ. ಅಷ್ಟರಲ್ಲಿ ಹುಡುಗಿಯ ಅಜ್ಜಿ ಹತ್ತಿರ ಬಂದು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ನೀ ಬಾಗೇವಾಡಿ ಗೌರವ್ವನ ಮೊಮ್ಮಗಳಲ್ಲೇನ? ಅದ ಮೂಗು. ಅಕಿ, ನಾನು ಅಕ್ಕತಂಗೇರ ಮಕ್ಕಳವ್ವ."

ರಮೇಶ ಉಪ್ಪಿಟ್ಟು ಬಿಟ್ಟು ನನ್ನ ಬಾಯನ್ನೇ ನೋಡತೊಡಗಿದ. ನನ್ನನ್ನು ಎತ್ತಿ ಆಡಿಸಿದ, ಬಾಯಿಗೆ ಬೆಲ್ಲವಿಟ್ಟ ಗೌರವ್ವಜ್ಜಿ ಕಣ್ಣ ಮುಂದೆ ಬಂದಳು.

"ಇಲ್ರಿ ಯವ್ವಾ," ಎಂದೆ, "ನಮ್ಮಜ್ಜಿ ಹೆಸರು ಬ್ಯಾರೆ."

ಆ ಹುಡುಗಿಯೊಂದಿಗೇ ರಮೇಶನ ಮದುವೆ ಚೆನ್ನಾಗಿ ಆಯಿತು. ಸುಧಾ ಈಗಲೂ ಬರುತ್ತಾಳೆ, ಇದ್ದು ಉಂಡು ಹೋಗುತ್ತಾಳೆ. ಅವಳು ಬರುವ ಸುದ್ದಿ ತಿಳಿದೊಡನೆ ನಾನು ಮಾತ್ರ ಮೊದಲು ಸೊಸೆಯ ಬಾಚಣಿಗೆಯನ್ನು ಒಂದು ಕೂದಲೂ ಉಳಿಯದಂತೆ ತೊಳೆದಿಡುತ್ತೇನೆ. ಆಮೇಲೆ ನನ್ನದನ್ನು.