ಬೀಗರ ಸಾಲಿಗೂ ಅದೇ ದಾಲ್ಚಾ

ನಂಬಿಕೆ ಎನ್ನುವುದು ನನಗೆ ಮೊದಲಿನಿಂದಲೂ ಅಷ್ಟಾಗಿ ಒಗ್ಗಿಲ್ಲ. ಇದ್ದ ಅಲ್ಪಸ್ವಲ್ಪವನ್ನೂ ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಪ್ರಾಧ್ಯಾಪಕರೊಬ್ಬರು ‘ಆಧಾರ ಎಲ್ಲಿದೆ?’ ಎಂದು ಕೇಳಿ ಕೇಳಿ ಕಳಚಿಹಾಕಿದರು. ಅಂದಿನಿಂದ ಯಾರು ಏನು ಹೇಳಿದರೂ ನಾನು ಆಧಾರ ಕೇಳುತ್ತೇನೆ. ಸಿಂದಗಿ ಬಸ್ಸು ಈಗ ಬರುತ್ತದೆ ಎಂದ ಕಂಟ್ರೋಲರಿಗೆ ಕೇಳಿದ್ದೇನೆ, ಈ ಮಾತ್ರೆಯಿಂದ ಮಂಡಿನೋವು ಹೋಗುತ್ತದೆ ಎಂದ ಡಾಕ್ಟರಿಗೂ ಕೇಳಿದ್ದೇನೆ. ಬಸವನ ಬಾಗೇವಾಡಿಯಲ್ಲಿ ಮಾಸ್ತರಿಕೆ ಮಾಡಿಕೊಂಡಿರುವ ನನ್ನನ್ನು ಕಂಡರೆ ಜನ ದಾರಿ ಬದಲಿಸುವುದಕ್ಕೆ ಇದೂ ಒಂದು ಕಾರಣವಿರಬಹುದು; ಆದರೆ ಅದಕ್ಕೂ ಆಧಾರವಿಲ್ಲ. ಜಗತ್ತಿನಲ್ಲಿ ನಾನು ಆಧಾರ ಕೇಳದೆ ಒಪ್ಪಿಕೊಂಡಿದ್ದ ಸಂಗತಿ ಒಂದೇ ಒಂದು, ಅದು ನನ್ನ ನೆನಪು. ಅದನ್ನೂ ನನ್ನ ಸೋದರಳಿಯನ ಜವಳ ಹಾಳು ಮಾಡಿತು.

ನಮ್ಮ ಮನೆತನದಲ್ಲಿ ಮಗುವಿನ ಮೊದಲ ಕೂದಲು ತೆಗೆಸುವುದು ತಾಯಿಯ ತವರಿನಲ್ಲಿ, ಸೋದರಮಾವನ ತೊಡೆಯ ಮೇಲೆ. ತೊಡೆ ಕೊಡುವುದರಲ್ಲಿ ನನಗೇನೂ ಕಷ್ಟವಿರಲಿಲ್ಲ. ಆದರೆ ತೊಡೆಯ ಹಿಂದೆಯೇ ಊಟವೂ ಬರುತ್ತದೆ, ಆ ಊಟ ಖಂಡದ್ದೇ, ಎಂದರೆ ಮಾಂಸದ್ದೇ, ಆಗಿರಬೇಕು, ಮತ್ತು ಅದಕ್ಕೆ ಇಂಡಿ ಊರಿನ ಕಾಕಂದಿರು, ಸಿಂದಗಿಯ ಅಣ್ಣತಮ್ಮಂದಿರು, ಮುದ್ದೇಬಿಹಾಳದ ಬೀಗರು, ಬೀಗರ ಬೀಗರು, ಎಲ್ಲರೂ ಬರುತ್ತಾರೆ. ಈಗ ಕುರಿಯ ಬೆಲೆ ಕೇಳಿದರೆ ಮನುಷ್ಯ ತಾನಾಗಿಯೇ ಸೊಪ್ಪು ತಿನ್ನುವವನಾಗುತ್ತಾನೆ. ಕುರಿ ಕಾಯ್ದೇ ಬದುಕಿದ ವಂಶದಲ್ಲಿ ಹುಟ್ಟಿದ ನಾನು ಕುರಿ ಸಂತೆಯಲ್ಲಿ ನಿಂತು, ಮ್ಯೂಸಿಯಮ್ಮಿನಲ್ಲಿ ನಿಂತ ಹಾಗೆ, ಕೈ ಹಿಂದೆ ಕಟ್ಟಿಕೊಂಡು ನೋಡಿ ಬಂದೆ. ಒಂದು ಕುರಿ ನನ್ನ ಕೈಗೆ ಎಟುಕುತ್ತಿತ್ತು. ಎರಡನೆಯದಕ್ಕೆ ಸಾಲ ಮಾಡಬೇಕಿತ್ತು. ಊರಿಗೆ ಊಟ ಹಾಕಲು ಸಾಲ ಮಾಡುವುದಿಲ್ಲ ಎಂದು ನಾನು ಮನೆಯಲ್ಲಿ ಗಟ್ಟಿಯಾಗಿ ಘೋಷಿಸಿದೆ. ಗಟ್ಟಿಯಾಗಿ ಹೇಳಿದ್ದು ನನಗೇ ಅನುಮಾನವಿದ್ದುದರಿಂದ.

ಅನುಮಾನಕ್ಕೆ ಕಾರಣ ಮುದ್ದೇಬಿಹಾಳಕ್ಕೆ ಕೊಟ್ಟ ತಂಗಿ ಮಹಾದೇವಿ. ಅವಳ ಮದುವೆಯಲ್ಲಿ ನಾವು ಹಾಕಿದ ಬೀಗರ ಊಟ ಕಡೆಯ ಸಾಲಿಗೆ ಸಾಲದೆ ಖಂಡದ ಎಸರಿಗೆ ನೀರು ಬೆರೆಸಬೇಕಾಗಿ ಬಂದಿತ್ತು. ಆ ಕಡೆಯ ಸಾಲಿನಲ್ಲಿ ಕುಳಿತಿದ್ದವರು ಅವಳ ಅತ್ತೆ ನೀಲವ್ವ. ಅಂದಿನಿಂದ ಹಬ್ಬ ಬರಲಿ, ಹುಣ್ಣಿಮೆ ಬರಲಿ, ಒಲೆಯ ಮೇಲೆ ಖಂಡ ಏರಿದರೆ ಸಾಕು, ಆಕೆ ಸೊಸೆಗೆ ಹೇಳುವುದು ಒಂದೇ ಮಾತು: “ನಿಮ್ಮ ತವರಮನಿ ಎಸರಿನ್ಯಾಗ ನನ್ನ ಮುಖ ಕಾಣ್ತಿತ್ತು ನೋಡವಾ. ಕುಂಕುಮ ಸರಿ ಮಾಡ್ಕೊಂಡೆ.” ತಂಗಿ ಇದನ್ನು ನನಗೆ ಫೋನಿನಲ್ಲಿ ನಗುತ್ತಲೇ ಹೇಳುತ್ತಿದ್ದಳು. ಆ ನಗು ನನಗೆ ಇಷ್ಟವಾಗುತ್ತಿರಲಿಲ್ಲ.

ಹೀಗಾಗಿ ಒಂದೇ ಕುರಿಯಲ್ಲಿ ಅಷ್ಟೂ ಜನರಿಗೆ ಉಣಿಸುವ ಉಪಾಯ ಬೇಕಾಯಿತು. ನನ್ನ ಸೋದರತ್ತೆ ನಾಗವ್ವ, ನಮ್ಮ ಮನೆಯ ಎಲ್ಲ ದೊಡ್ಡ ಒಲೆಗಳ ಒಡತಿ, ಫಾರಂ ಕೋಳಿಯ ಹೆಸರೆತ್ತುತ್ತಲೇ ಸೆರಗು ಝಾಡಿಸಿಕೊಂಡಳು. “ಜವಳಕ್ಕ ಕೋಳಿ ಹಾಕ್ತಾನಂತ! ಕೂಸಿಗೇನ್ ನೆಗಡಿ ಬಂದೈತೇನೋ, ಕೋಳಿ ಸಾರು ಕುಡಿಸಾಕ?” ಆಲಮಟ್ಟಿ ಹಿನ್ನೀರಿನ ಮೀನು ಅಗ್ಗ, ಸಿಗುವುದೂ ಸುಲಭ. ಆದರೆ ನಮ್ಮ ಕಾಕಂದಿರು ಮಾತಾಡದೆ ಉಣ್ಣಲಾರರು, ಮಾತಾಡುತ್ತಾ ಮೀನು ತಿನ್ನಲಾಗದು; ಅಷ್ಟು ಗಂಟಲುಗಳ ಹೊಣೆ ಹೊರುವುದು ಬೇಡವೆನಿಸಿತು. ಆಗ ನನ್ನ ನೆನಪು ಎದ್ದು ನಿಂತಿತು. ದಾಲ್ಚಾ! ತಲೆ, ಕಾಲು, ಎಲುಬುಗಳನ್ನು ನಸುಕಿನಿಂದ ಕುದಿಸಿ, ಆ ರಸದಲ್ಲಿ ತೊಗರಿಬೇಳೆ ಕಡಲೆಬೇಳೆ ಬೇಯಿಸಿ, ಖಂಡ ಹಾಕಿ, ಹಾಲಗುಂಬಳದ ಹೋಳು ಹಾಕಿ, ಹುಣಸೆಹುಳಿ ಹಿಂಡಿ ಇಳಿಸುವ ದಾಲ್ಚಾ. ಕಾಲಿನ ಅಂಟು ಬೇಳೆಗೆ ಇಳಿದರೆ ತುಟಿಗೆ ತುಟಿ ಅಂಟಬೇಕು. ತೊಗರಿ ನಮ್ಮ ಹೊಲದ್ದು, ತಲೆ ಕಾಲು ಅಂಗಡಿಯಲ್ಲಿ ಅಗ್ಗಕ್ಕೆ ಹೆಚ್ಚಿಗೆ ತಂದರಾಯಿತು.

“ನಮ್ಮಜ್ಜಿ ಮಾಡ್ತಿದ್ಲಲ್ಲ, ಅದು” ಎಂದೆ. “ಬಳಿ ಮ್ಯಾಲೆ ಏರಿಸ್ಕೊಂಡು ಕಟಗಿ ಸೌಟಿಲೆ ತಿರುವ್ತಿದ್ಲು.”

ನಾಗವ್ವ ಅತ್ತೆ ನನ್ನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದಳು. “ಯಪ್ಪಾ, ನಮ್ಮವ್ವ ಪಂಢರಪುರಕ್ಕ ಹೋಗಿ ತುಳಸಿಮಾಲಿ ಹಾಕ್ಕೊಂಡು ಬಂದಾಗ ನೀ ಹುಟ್ಟಿದ್ದಿಲ್ಲ. ಖಂಡ ಬೇಯೂ ದಿನ ಆಕಿ ಈ ಓಣಿಯಾಗ ಇರ್ತಿದ್ದಿಲ್ಲ. ಆಕಿ ಯಾವಾಗ ನಿನಗ ದಾಲ್ಚಾ ಮಾಡಿ ಹಾಕಿದ್ಲೋ? ಎಂ.ಎ. ಮಾಡಿದ್ಯೋ, ಏನ್ ಭಂಗಿ ಸೇದಿದ್ಯೋ?”

ಹೆಂಡತಿ ಕಸ್ತೂರಿ ಸಹಾಯಕ್ಕೆ ಬಂದಳು. ಅವಳ ಸಹಾಯ ಯಾವಾಗಲೂ ಗಾಯದ ಪಕ್ಕದಲ್ಲೇ ಬೀಳುತ್ತದೆ. ನಾನು ಇಂಡಿಯಲ್ಲಿ ಪಿ.ಯು. ಓದುವಾಗ ಬಾಡಿಗೆಗಿದ್ದ ಮುಸಲ್ಮಾನರ ಮನೆಯ ಚಾಚಿ ಮಾಡಿದ್ದನ್ನು ಅಜ್ಜಿಯ ಕೈಗೆ ಹಚ್ಚಿಕೊಂಡಿರಬೇಕು ಎಂದಳು. ಇರಬಹುದು. ಬಳೆಗಳೂ ಚಾಚಿಯವೇ ಇರಬಹುದು. ಹಾಗಾದರೆ ಅಜ್ಜಿ ನನಗೆ ಕಥೆ ಹೇಳಿದ್ದು? ಬೆನ್ನು ತಟ್ಟಿ ಮಲಗಿಸಿದ್ದು? ಅಂದು ಅಂಗಳದಲ್ಲಿ ಅತ್ತಿತ್ತ ತಿರುಗಾಡುತ್ತಾ ನನ್ನ ಬಾಲ್ಯವನ್ನೆಲ್ಲ ಜಾಲಾಡಿದೆ. ಯಾವುದಕ್ಕೂ ಆಧಾರ ಸಿಗಲಿಲ್ಲ. ಆದರೆ ನಾನು ಸೋಲೊಪ್ಪಲಿಲ್ಲ. ಮಾಡಿದವರ ಕೈ ತಪ್ಪಿದ್ದರೂ ರುಚಿ ತಪ್ಪಿರಲಾರದು. ದಾಲ್ಚಾನೇ ಆಗಬೇಕು ಎಂದೆ.

ಸುದ್ದಿ ಮುದ್ದೇಬಿಹಾಳ ಮುಟ್ಟಿತು. ತಂಗಿಯ ಫೋನು ಬಂತು. ಈ ಸಲ ನಗುವಿರಲಿಲ್ಲ. “ಅಣ್ಣಾ, ಮೊದಲ ನೀರು ಹಾಕಿದ್ರಿ, ಈಗ ಬ್ಯಾಳಿ ಹಾಕ್ತೀರಿ. ನಾ ಆ ಮನ್ಯಾಗ ಬಾಳೇವು ಮಾಡಬೇಕೋ ಬ್ಯಾಡೋ? ಬೀಗರಿಗೆ ಯಾರರೆ ಬ್ಯಾಳಿ ಹಾಕ್ತಾರೇನು?”

“ಹಾಕ್ತೀವಿ. ಎಲ್ಲಾರಿಗೂ ಒಂದ ಬೋಗಾಣಿ, ಒಂದ ಸೌಟು” ಎಂದೆ. ಅವಳು ಫೋನಿಟ್ಟಳು. ನಾನು ಬಹಳ ಹೊತ್ತು ಫೋನನ್ನು ಕಿವಿಯಿಂದ ತೆಗೆಯಲಿಲ್ಲ; ಕಸ್ತೂರಿಯ ಮುಂದೆ ಮಾತು ಇನ್ನೂ ನಡೆದಿದೆ ಎಂಬಂತೆ ತಲೆಯಾಡಿಸುತ್ತಿದ್ದೆ.

ಜವಳದ ದಿನ ಬಂತು. ನಾಗವ್ವ ಅತ್ತೆ ನಸುಕಿನಲ್ಲೇ ಒಲೆ ಹೊತ್ತಿಸಿ, ಗೊಣಗುತ್ತ ನಾನು ಹೇಳಿದಂತೆ ದಾಲ್ಚಾ ಇಟ್ಟಳು. ಅಳಿಯ ನನ್ನ ತೊಡೆಯ ಮೇಲೆ ಕೂತು, ಊರಿಗೆಲ್ಲ ಕೇಳುವಂತೆ ಅತ್ತು, ತೊಡೆ ಒದ್ದೆ ಮಾಡಿ, ಬೋಳಾಗಿ ಎದ್ದ. ಇಂಡಿಯ ಕಾಕ ಚೀಲದ ತುಂಬ ಲಿಂಬೆಹಣ್ಣು ತಂದು ಸುರಿದ. ಶಾಮಿಯಾನದ ಕೆಳಗೆ ತಾಡಪತ್ರಿ ಹಾಸಿ ಎದುರುಬದುರಾಗಿ ಎರಡು ಸಾಲು ಕೂಡಿಸಿದೆವು. ಒಂದರಲ್ಲಿ ಬೀಗರು, ಇನ್ನೊಂದರಲ್ಲಿ ಸಿಂದಗಿಯವರು. ಸಜ್ಜಿ ರೊಟ್ಟಿ, ಉಳ್ಳಾಗಡ್ಡಿ ಬಿದ್ದವು. ನಾನು ದೊಡ್ಡ ಬೋಗಾಣಿಯಿಂದ ಬಕೆಟ್ಟು ತುಂಬಿಕೊಂಡು ಸಿಂದಗಿಯ ಸಾಲಿನಿಂದ ಶುರು ಮಾಡಿದೆ. ಮೊದಲ ತುತ್ತಿಗೇ ಅಲ್ಲಿ ಮಾತು ನಿಂತಿತು. ನಮ್ಮ ವಂಶದಲ್ಲಿ ಇದು ಹಿಂದೆ ಆದದ್ದಕ್ಕೆ ಆಧಾರವಿಲ್ಲ. ಆಮೇಲೆ ಒಬ್ಬ ಅಣ್ಣ, “ಏ ಮಾಸ್ತರ, ಬಕೀಟು ಇಲ್ಲೇ ಇಟ್ಟು ನೀ ಸಾಲಿಗೆ ಹೋಗಿ ಗಂಟಿ ಬಾರಿಸೋ ಮಾರಾಯಾ!” ಎಂದು ಕೂಗಿದ. ಸಾಲೆಲ್ಲ ನಕ್ಕಿತು. ನಾನು ಹಿಗ್ಗಿನಿಂದ ಬೀಗರ ಕಡೆ ತಿರುಗಿದರೆ ಅಲ್ಲಿ ನಾಗವ್ವ ಅತ್ತೆ ಆಗಲೇ ಬಡಿಸಿ ಮುಗಿಸಿದ್ದಳು. ಅವಳ ಕೈಯಲ್ಲಿ ಒಂದು ಸಣ್ಣ ಪಾತ್ರೆ. ನನಗೆ ಗೊತ್ತಾಗದಂತೆ ಕುರಿಯ ಒಳ್ಳೊಳ್ಳೆಯ ತುಂಡು, ಮಜ್ಜೆ ತುಂಬಿದ ನಲ್ಲಿ ಎಲುಬು ಆರಿಸಿ, ಬೇಳೆ ತಾಕಿಸದೆ, ಬೀಗರಿಗೆಂದು ಬೇರೆ ಬೇಯಿಸಿಟ್ಟಿದ್ದಳು! ಮರ್ಯಾದೆ ಉಳಿಸುವ ಕೆಲಸ.

ಮಹಾದೇವಿಯ ಮಾವ, ಬೀಗ ಸಿದ್ರಾಮಪ್ಪನವರು ತುಂಡು ಮುಟ್ಟಿರಲಿಲ್ಲ. ಎದುರಿನ ಸಾಲಿನ ತಾಟು ನೋಡಿದರು, ತಮ್ಮ ತಾಟು ನೋಡಿದರು, ರೊಟ್ಟಿ ಕೆಳಗಿಟ್ಟರು.

“ಮಾಸ್ತರ, ಆ ಸಾಲಿಗೊಂದು, ಈ ಸಾಲಿಗೊಂದು ಯಾಕ್ರಿ? ಅವರು ಬೆರಳು ನೆಕ್ಕಾಕತ್ತಾರ, ನಾವು ಎಲುಬು ನೋಡ್ಕೋತ ಕುಂತೀವಿ. ಬಸವನ ಬಾಗೇವಾಡ್ಯಾಗ ಹುಟ್ಟಿ ಪಂಕ್ತಿಭೇದ ಮಾಡ್ತೀರೇನ್ರಿ?”

ಬೀಗರ ಸಾಲಿನಲ್ಲಿ ಒಬ್ಬೊಬ್ಬರೇ ಕೈ ಹಿಂದಕ್ಕೆ ತೆಗೆದುಕೊಂಡರು. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತ ಮಹಾದೇವಿಯ ಮುಖ ನೋಡಿದೆ. ಅವಳ ಹಿಂದೆ ನೀಲವ್ವ ಕತ್ತು ಚಾಚುತ್ತಿದ್ದರು. ಬೀಗರು ತಾಟು ಬಿಟ್ಟು ಎದ್ದರೆ ಆ ನೀರೆಸರಿನ ಮಾತು ಎಷ್ಟೋ ವಾಸಿ ಎನಿಸುವಂಥ ಮಾತೊಂದು ಹುಟ್ಟುತ್ತಿತ್ತು. ನಾಗವ್ವ ಅತ್ತೆ, “ಅಲ್ರಿ, ನಿಮಗ ಚಲೋ ಇರಲಿ ಅಂತ…” ಎಂದು ತೊದಲಿದಳು. ಅತ್ತೆ ತೊದಲಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಅವಳ ಕೈಯಿಂದ ಪಾತ್ರೆ ಕಸಿದುಕೊಂಡೆ. ಬೀಗರ ಸಾಲಿನಲ್ಲಿ ಮುಟ್ಟದೆ ಉಳಿದಿದ್ದ ತಾಟುಗಳನ್ನೂ ಎತ್ತಿಕೊಂಡೆ. ಎಲ್ಲರೂ ನೋಡುತ್ತಿದ್ದಂತೆ ಒಲೆಯ ಹತ್ತಿರ ಹೋಗಿ, ಅಷ್ಟನ್ನೂ ದೊಡ್ಡ ಬೋಗಾಣಿಗೆ ಸುರಿದು ಸೌಟಿನಿಂದ ತಿರುವಿದೆ. “ಇನ್ನ ಯಾರ ಖಂಡ ಯಾವುದು ಅಂತ ಆ ಕುರಿಗೂ ಗೊತ್ತಾಗೂದಿಲ್ಲ. ಬರ್ರಿ ಬೀಗರ, ಸೌಟಿನ್ಯಾಗ ಬಂದಿದ್ದು ನಿಮ್ಮ ನಸೀಬು!” ಧೈರ್ಯದಿಂದ ಹೇಳಿದೆನೋ, ಕೈಗೆ ಬಿಸಿ ಬೋಗಾಣಿಯ ಚಟಕಾ ಬಡಿದ ಉರಿಗೆ ಕೂಗಿದೆನೋ, ಈಗ ಸ್ಪಷ್ಟವಿಲ್ಲ.

ಸಿದ್ರಾಮಪ್ಪನವರು ಹೊಸ ತಾಟು ಕೇಳಿ ತರಿಸಿಕೊಂಡರು. ಅದನ್ನು ಮುಂದೆ ಹಿಡಿದು, “ತಳದಿಂದ ಹಾಕ್ರಿ ಮತ್ತ” ಎಂದರು. ಅಲ್ಲಿಂದ ಊಟ ಜಾತ್ರೆಯ ಲಾಟರಿಯಂತಾಯಿತು. ಸೌಟು ಮುಳುಗಿ ಏಳುವಾಗಲೆಲ್ಲ ಎರಡೂ ಸಾಲು ಕತ್ತು ಉದ್ದ ಮಾಡುತ್ತಿದ್ದವು. ನಲ್ಲಿ ಎಲುಬು ಬಂದವನಿಗೆ ಹೋ ಎಂದು ಕೂಗು. ಸಿದ್ರಾಮಪ್ಪನವರಿಗೆ ಎರಡು ಸಲ ಬರೀ ಕುಂಬಳದ ಹೋಳು ಬಂತು; “ನಮ್ಮ ಸೊಸಿ ಅಣ್ಣ ಸೌಟಿಗೆ ಪಾಠ ಹೇಳ್ಯಾನ” ಎಂದು ಬೈಯುತ್ತ ಮೂರನೆಯ ಸಲ ನೀಡಿಸಿಕೊಂಡರು.

ಕಡೆಗೆ ಹೆಂಗಸರ ಸಾಲು ಕುಳಿತಿತು. ಮಹಾದೇವಿ ತನ್ನ ಅತ್ತೆಯ ಪಕ್ಕದಲ್ಲೇ ಕೂತು, ಎರಡನೆಯ ಸಲ ತಾಟು ಚಾಚಿ, “ದಪ್ಪಂದು ಹಾಕೋ ಅಣ್ಣಾ” ಎಂದಳು, ಬೇಕೆಂದೇ ಗಟ್ಟಿಯಾಗಿ. ಹಾಕಿದೆ. ಈ ಸಲ ನೀಲವ್ವನ ಬಾಯಲ್ಲಿ ಎಲುಬಿತ್ತು. ನಾನು ಸೌಟು ಬೋಗಾಣಿಯ ತಳಕ್ಕೆ ಒತ್ತಿ ಕೆರೆದು ಕಡೆಯದನ್ನೂ ತಂಗಿಯ ತಾಟಿಗೇ ಬಡಿದೆ.

ಆಮೇಲೆ ನನ್ನ ಮುಂದೆ ಕಸ್ತೂರಿ ಇಟ್ಟದ್ದು ರೊಟ್ಟಿ, ಶೇಂಗಾ ಹಿಂಡಿ, ಅರ್ಧ ಲಿಂಬೆಹಣ್ಣು. ತಾಂಬೂಲ ಮೆಲ್ಲುತ್ತಾ ಬಂದ ಸಿದ್ರಾಮಪ್ಪನವರು, “ದಾಲ್ಚಾ ಭಾರಿ ಆಗಿತ್ರಿ ಮಾಸ್ತರ. ಯಾರ ಕೈದು ಇದು?” ಎಂದು ಕೇಳಿದರು. ಅಜ್ಜಿಯದೋ ಚಾಚಿಯದೋ ಎಂದು ನಿರ್ಧರಿಸಬಲ್ಲ ನಾಲಿಗೆ ಭೂಮಿಯ ಮೇಲೆ ನನ್ನದೊಂದೇ ಇತ್ತು, ಅದಕ್ಕೆ ಒಂದು ಹನಿಯೂ ಸಿಕ್ಕಿರಲಿಲ್ಲ. ನಾಗವ್ವ ಅತ್ತೆ ಒಲೆಯ ಬಳಿ ಬೂದಿ ಹಚ್ಚಿ ಬೋಗಾಣಿ ತಿಕ್ಕುತ್ತಾ ನನ್ನನ್ನೇ ನೋಡುತ್ತಿದ್ದಳು.

“ನಮ್ಮಜ್ಜೀದ್ರಿ” ಎಂದೆ, ಅವಳ ಕಣ್ಣಲ್ಲಿ ಕಣ್ಣಿಟ್ಟು. ಬೇಕಾದರೆ ಆಧಾರ ಕೇಳಲಿ.